ಬೋರಿಂಗ್ ಮಲ್ಲಪ್ಪನ ಮಗಳು

ಇಂಗ್ಲೆಂಡಿನ ಕೊವೆಂಟ್ರಿಯ ಗೌರಿಯನ್ನು ನೋಡಿದರೆ, ಇವಳು ಒಂದು ಸರ್ಕಾರದ ಸುಳ್ಳನ್ನು ಬಯಲಿಗೆಳೆದವಳು ಅಂತ ನೀವು ಖಂಡಿತ ನಂಬೋದಿಲ್ಲ. ವಯಸ್ಸು ನಲವತ್ತೇಳು, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. ಬ್ರೇಕಿನ ಭಾಗವನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಬಿರುಕು ಕಂಡರೂ ಪಕ್ಕಕ್ಕೆ ಎಸೆಯೋದು. ಹದಿನೆಂಟು ವರ್ಷದಿಂದ ಅದನ್ನೇ ಮಾಡಿ ಮಾಡಿ, ಮನೆಯಲ್ಲಿ ಗಂಡ ತೊಳೆದ ಲೋಟವನ್ನೂ ಬೆಳಕಿಗೆ ಹಿಡಿದೇ ನೋಡ್ತಾಳೆ. ಆ ಪುಣ್ಯಾತ್ಮ ಹೇಗೆ ತಡಕೊಂಡಿದ್ದಾನೋ!

ತವರು ಗದಗದ ಹತ್ತಿರ. ಅಪ್ಪ ಮಲ್ಲಪ್ಪ ಕೈಪಂಪು ರಿಪೇರಿ ಮಾಡುವ ಮೆಕ್ಯಾನಿಕ್. ಆ ಕಡೆ ಕೈಪಂಪಿಗೆ ಬೋರಿಂಗ್ ಅಂತಾರೆ, ಹಾಗಾಗಿ ನಲವತ್ತು ಹಳ್ಳಿಗೆ ಅವನು ಬೋರಿಂಗ್ ಮಲ್ಲಪ್ಪ. ರಜೆ ಬಂತೆಂದರೆ ಮಗಳು ಅವನ ಸೈಕಲ್ಲಿನ ಹಿಂದೆ ಪಾನಾದ, ಅಂದರೆ ಸ್ಪ್ಯಾನರುಗಳ ಚೀಲ ಅಪ್ಪಿಕೊಂಡು ಕೂರುತ್ತಿದ್ದಳು.

ಕಾರ್ಖಾನೆಯಲ್ಲಿ ಅವಳ ಪಕ್ಕದ ಮೇಜಿನವನು ಏಬೆಲ್. ಅವನ ದೇಶದ ಹೆಸರು ಬೇಡ ಬಿಡಿ, ಮನೆಮಂದಿ ಇನ್ನೂ ಅಲ್ಲೇ ಇದ್ದಾರೆ. ಆರು ವರ್ಷದಿಂದ ಅಲ್ಲಿ ಅಂತರ್ಯುದ್ಧ. ಏಬೆಲ್‌ನ ತಮ್ಮ ಸ್ಯಾಮುಯೆಲ್ ಮೇಷ್ಟ್ರು. ಈ ಕಥೆಗೆ ಐದು ತಿಂಗಳ ಮುಂಚೆ ಸೈನಿಕರು ಅವನನ್ನು ಪಾಠದ ಮಧ್ಯೆಯೇ ಎತ್ತಿಕೊಂಡು ಹೋದರು. ಎಲ್ಲಿದ್ದಾನೆ ಅಂತ ಕೇಳಿದರೆ ಸರ್ಕಾರದ್ದು ಒಂದೇ ಮಾತು: ಆ ಹೆಸರಿನವರು ಯಾರೂ ನಮ್ಮಲ್ಲಿಲ್ಲ.

ಕದನವಿರಾಮ ಆದಮೇಲೆ ಅಲ್ಲಿಗೆ ಹೊರದೇಶಗಳಿಂದ ಮಾನವ ಹಕ್ಕು ವೀಕ್ಷಕರು ಬಂದರು. ಅವರ ಹತ್ತಿರ ಬಂದೂಕಿಲ್ಲ, ಲಾಠಿಯಿಲ್ಲ. ಒಂದು ಬಿಳಿ ಜೀಪು, ಒಂದು ನೋಟ್‌ಬುಕ್ಕು, ಮತ್ತೆ ಒಪ್ಪಂದದಲ್ಲಿ ಬರೆಸಿಕೊಂಡ ಒಂದು ಹಕ್ಕು: ಇಂಥ ಜಾಗ ಅಂತ ಹೆಸರು ಹೇಳಿದರೆ ಸೈನ್ಯ ಅವತ್ತೇ ಗೇಟು ತೆಗೆಯಬೇಕು. ಒಳಗೆ ಇದ್ದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ ಹೆಸರು ಬರಕೊಳ್ತಾರೆ. ಒಮ್ಮೆ ಹೆಸರು ಬರೆದಾಯಿತೋ, ಆಮೇಲೆ ಆ ಮನುಷ್ಯ ಇಲ್ಲವೇ ಇಲ್ಲ ಅನ್ನೋಕೆ ಯಾರಪ್ಪನ ಕೈಲೂ ಆಗಲ್ಲ. ಆದರೆ ಜಾಗ ಯಾವುದು ಅಂತ ಗೊತ್ತಾಗಬೇಕಲ್ಲ! ತಪ್ಪು ಗೇಟು ತಟ್ಟಿದರೆ ಸುದ್ದಿ ಹಬ್ಬುತ್ತೆ, ಸರಿಯಾದ ಜಾಗದಲ್ಲಿದ್ದವರನ್ನು ಬೇರೆಲ್ಲಿಗೋ ಸಾಗಿಸಿಬಿಡ್ತಾರೆ. ಸಿಗುವುದು ಒಂದೇ ಅವಕಾಶ.

ಇಂಥ ಕಡೆಗಳಿಂದ ಬರುವ ವಿಡಿಯೊ ನೋಡಿ ಜಾಗ ಪತ್ತೆ ಮಾಡಿಕೊಡುವ ಸ್ವಯಂಸೇವಕರ ಗುಂಪೊಂದು ಕೊವೆಂಟ್ರಿಯಲ್ಲಿದೆ. ನಡೆಸುವವಳು ನಿಹಾರಿಕಾ, ಎಂ.ಎ. ಓದೋಕೆ ಬಂದ ಮೈಸೂರಿನ ಹುಡುಗಿ. ಅಲ್ಲೇ ಹತ್ತಿರದ ಟಿವಿಡೇಲ್ ಊರಿನ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಗೌರಿಗೆ ಪರಿಚಯವಾದವಳು. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ, ಆದರೆ ಕಣ್ಣು ಚೆನ್ನಾಗಿದೆ ಅಂತ ಹೇಳಿ ಗೌರಿ ಪ್ರತಿ ಶನಿವಾರ ಹೋಗಿ ಕೂರತೊಡಗಿದಳು.

ಮಾರ್ಚಿನ ಒಂದು ಶನಿವಾರ ಏಬೆಲ್ ಓಡೋಡಿ ಬಂದ. ಫೋನಿನಲ್ಲಿ ಇಪ್ಪತ್ತೊಂದು ಸೆಕೆಂಡಿನ ವಿಡಿಯೊ. ಯಾವುದೋ ಮಹಡಿ ಮೇಲಿಂದ ಯಾರೋ ಕದ್ದು ತೆಗೆದದ್ದು, ಯಾರ ಯಾರ ಕೈ ದಾಟಿಯೋ ಅವನಿಗೆ ಮುಟ್ಟಿತ್ತು. ಎತ್ತರದ ಗೋಡೆಯ ಅಂಗಳ, ಸಾಲಾಗಿ ನಿಂತ ಗಂಡಸರು, ನಡುವೆ ಒಂದು ಕೈಪಂಪು. ಬೆನ್ನು ತಿರುಗಿಸಿ ನಿಂತು ಒಬ್ಬ ಪಂಪು ಒತ್ತುತ್ತಿದ್ದ. ಎಡಗೈಲಿ ಒತ್ತುತ್ತಾನೆ ನೋಡಿ, ಇವನೇ ನನ್ನ ತಮ್ಮ ಅಂದ ಏಬೆಲ್.

ಗೌರಿ ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು. ಅಪ್ಪನ ಬೋರಿಂಗೇ! ಅದೇ ಹಿಡಿ, ಅದೇ ಮೂತಿ, ನಮ್ಮ ಕಡೆಯ ಪಂಪೇ ಆ ದೇಶಕ್ಕೂ ಹೋಗಿತ್ತು. ಮೇಲಿನ ಕಬ್ಬಿಣದ ಪೆಟ್ಟಿಗೆಗೆ ಮೆಕ್ಯಾನಿಕ್‌ಗಳು ತಲೆ ಅಂತಾರೆ, ಆ ತಲೆಯ ಮೇಲೆ ಬಿಳಿ ಬಣ್ಣದಲ್ಲಿ 118 ಅಂತ ಬರೆದಿತ್ತು. ಅದು ಬಾವಿಯ ನಂಬರು ಅಂತ ಅವಳೇ ಮೊದಲು ಕೂಗಿದ್ದು. ನಿಹಾರಿಕಾ ಚಕಚಕ ಅಂತ ಆ ದೇಶದಲ್ಲಿ ಕೊಳವೆಬಾವಿ ತೋಡಿಸಿದ ಸಂಸ್ಥೆಯ ಪಟ್ಟಿ ತೆಗೆದಳು. 118 ಒಂದು ಸಂತೆಪೇಟೆಯಲ್ಲಿತ್ತು, ಪಕ್ಕದಲ್ಲೇ ಸೈನ್ಯದ ಠಾಣೆ. ಇನ್ನೇನು ಬೇಕು? ಕೋಣೆಯೆಲ್ಲ ಚಪ್ಪಾಳೆ. ಅಲ್ಲಿನ ವೀಕ್ಷಕರ ತಂಡದ ಮಾರ್ಥಾ ಎಂಬಾಕೆ ಮರುದಿನ ಬೆಳಗಾಗೆದ್ದು ಹೊರಡಲು ತಯಾರಾಗಿದ್ದಳು. ಸಂಜೆಯೊಳಗೆ ಅವಳಿಗೆ ಜಾಗ ತಿಳಿಸಬೇಕಿತ್ತು.

ನಿಹಾರಿಕಾ ಪತ್ರ ಬರೆಯಲು ಕೂತಳು. ಗೌರಿ ರೊಟ್ಟಿಯ ಡಬ್ಬಿ ಬಿಚ್ಚಿದವಳು ತುತ್ತು ಬಾಯಿಗಿಡಲಿಲ್ಲ. ಅಪ್ಪನ ಸೈಕಲ್ಲು ನೆನಪಾಗಿತ್ತು. ಬರುವಾಗ ಕ್ಯಾರಿಯರ್ ಮೇಲೆ ಯಾವುದೋ ಊರಿನ ಕೆಟ್ಟ ತಲೆ ಕಟ್ಟಿಕೊಂಡು ಬರ್ತಿದ್ದ. ಹಾಗಾದರೆ ಆ ಊರಿಗೆ ಅವತ್ತು ನೀರು? ತಕ್ಷಣ ಗದಗಕ್ಕೆ ಫೋನು ಹಚ್ಚಿದಳು. ಮಲ್ಲಪ್ಪನಿಗೆ ಎಪ್ಪತ್ತೆರಡು, ಗಂಟಲು ಮಾತ್ರ ಇನ್ನೂ ಧ್ವನಿವರ್ಧಕವೇ. ಕೋಣೆಗೆಲ್ಲ ಕೇಳಿಸುವಂತೆ ಬೈದ. ರಿಪೇರಿ ಮುಗಿಯೋತನಕ ಊರ ಮಂದಿ ಬಾಯಾರಿ ಕೂಡಬೇಕೇನು, ಇನ್ನೊಂದು ಊರಿನ ಬತ್ತಿದ ಬೋರಿಂಗಿನ ತಲೆ ತಂದು ಕೂಡಿಸಿ ಬರೋದು, ಇಷ್ಟೂ ಮರೆತೆಯಾ ಅಂದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಗೌರವ್ವಾ, ತಲಿ ನೋಡಬ್ಯಾಡ, ಕಟ್ಟಿ ನೋಡು. ತಲಿ ಊರೂರು ತಿರಗತೈತಿ, ಕಟ್ಟಿ ಕುಂತಲ್ಲೇ ಕುಂತಿರತೈತಿ."

ಪಂಪಿನ ಸುತ್ತ ಸಿಮೆಂಟಿನ ಕಟ್ಟೆ ಹಾಕುವಾಗ, ಹಸಿ ಇರುವಾಗಲೇ ಕಡ್ಡಿಯಿಂದ ಬಾವಿಯ ನಂಬರು ಗೀರುತ್ತಾರೆ. ಅದನ್ನು ಯಾರೂ ಹೊತ್ತುಕೊಂಡು ಹೋಗೋಕಾಗಲ್ಲ.

ಎಲ್ಲರ ಮುಂದೆ ತಾನೇ ಹೇಳಿದ ಮಾತನ್ನು ತಾನೇ ವಾಪಸು ತಗೊಳ್ಳೋದು ಅಂದರೆ ಸಣ್ಣ ಸಂಕಟವಲ್ಲ. ಏಬೆಲ್‌ನ ಮುಖ ನೋಡೋಕೆ ಅವಳಿಗೆ ಧೈರ್ಯವಾಗಲಿಲ್ಲ. ಆದರೂ ಹೇಳಿದಳು.

"ನಿಹಾರಿಕಾ, ಕಳಿಸಬೇಡ. ನಾನು ತಪ್ಪು ಹೇಳಿದೆ."

"ಆಂಟಿ, ಬರೀ ಎರಡು ಗಂಟೆ ಇದೆ," ಅಂದಳು ಆ ಹುಡುಗಿ.

ಎರಡು ಗಂಟೆ ಸಾಕು ಅಂತ ಕುರ್ಚಿ ಎಳೆದು ಕೂತಳು ಗೌರಿ. ಹದಿನಾರನೇ ಸೆಕೆಂಡಿನಲ್ಲಿ ಪಂಪಿನವನ ಬಕೆಟ್ಟು ಉರುಳಿ ನೀರೆಲ್ಲ ಕಟ್ಟೆಯ ಮೇಲೆ ಚೆಲ್ಲುತ್ತಿತ್ತು. ಕಾವಲಿನವನು ಬಂದು ಅವನ ಕೆನ್ನೆಗೆ ಬಾರಿಸುತ್ತಿದ್ದ. ಇಷ್ಟು ಹೊತ್ತೂ ಎಲ್ಲರೂ ಆ ಏಟನ್ನೇ ನೋಡಿದ್ದರು, ಕಾಲಡಿ ಯಾರೂ ನೋಡಿರಲಿಲ್ಲ. ಗೌರಿ ಒಂದೊಂದೇ ಚಿತ್ರ ನಿಲ್ಲಿಸಿ, ಹಿಗ್ಗಿಸಿ, ತನ್ನ ಬ್ರೇಕಿನ ಬಿರುಕು ಹುಡುಕುವ ಹಾಗೆ ಹುಡುಕಿದಳು. ಒಣ ಸಿಮೆಂಟಿನಲ್ಲಿ ಏನೂ ಇರಲಿಲ್ಲ. ನೀರು ಹರಿದ ಮೇಲಿನ ಒಂದು ಚಿತ್ರದಲ್ಲಿ, ಕಾವಲಿನವನ ಬೂಟು ಸರಿದ ಜಾಗದಲ್ಲಿ, ಗೀರಿನೊಳಗೆ ನಿಂತ ನೀರು ಹೊಳೆಯಿತು. 63.

ಅಯ್ಯೋ, ಆಮೇಲಿನ ಗದ್ದಲ ಏನು ಕೇಳ್ತೀರಿ! 63 ಇದ್ದದ್ದು ಸಂತೆಪೇಟೆಯಿಂದ ಎಪ್ಪತ್ತು ಕಿಲೋಮೀಟರು ದೂರದ, ಮುಚ್ಚಿಹೋದ ಕೃಷಿಶಾಲೆಯಲ್ಲಿ. ಉಪಗ್ರಹದ ಚಿತ್ರದಲ್ಲಿ ಅಂಗಳ, ಗೋಡೆ, ಎದುರಿನ ಮಹಡಿ ಎಲ್ಲವೂ ತಾಳೆಯಾದವು. ಇಪ್ಪತ್ತು ನಿಮಿಷ ಉಳಿದಿರುವಾಗ ಪತ್ರ ಹೋಯಿತು.

ಭಾನುವಾರ ಗೌರಿಯ ಅನ್ನ ಎರಡು ಸಲ ಸೀದುಹೋಯಿತು. ಮಧ್ಯಾಹ್ನ ನಿಹಾರಿಕಾಳ ಫೋನು ಬಂತು. ಗೇಟು ತೆರೆದಿತ್ತು. ಒಳಗೆ ಮೂವತ್ತೊಂದು ಜನ. ಮಾರ್ಥಾ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೆಸರು ಬರೆದಿದ್ದಳು, ಬರೆದದ್ದನ್ನು ಅವರಿಗೇ ಓದಿ ಹೇಳಿದ್ದಳು. ನಾಲ್ಕನೆಯ ಹೆಸರು ಸ್ಯಾಮುಯೆಲ್. ಗೌರಿ ಖುಷಿಗೆ ಗಂಡನ ಬೆನ್ನಿಗೆ ಸೌಟಿನಿಂದ ಒಂದು ಬಾರಿಸಿದಳು, ಪಾಪ.

ಹೆಸರು ಹೊರಬಿದ್ದ ಮೇಲೆ ಸರ್ಕಾರ ಬಹಳ ದಿನ ಎಳೆದಾಡಲಾಗಲಿಲ್ಲ. ಆರು ವಾರಕ್ಕೆ ಸ್ಯಾಮುಯೆಲ್ ಮನೆ ಸೇರಿದ. ಮಾರನೇ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏಬೆಲ್ ತನ್ನ ಫೋನನ್ನು ಗೌರಿಯ ಕೈಗಿಟ್ಟ. ಆ ಕಡೆ ಅವನ ತಮ್ಮ. ತನಗೆ ಬರುವ ಇಂಗ್ಲಿಷಿನಲ್ಲೇ, ಅವತ್ತು ನಿನ್ನ ಕೈಯಿಂದ ಬಕೆಟ್ ಜಾರಿದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಆ ನಂಬರು ಕಾಣುತ್ತಲೇ ಇರಲಿಲ್ಲ ಅಂದಳು.

"ಜಾರಲಿಲ್ಲ ಅಕ್ಕಾ," ಅಂದ ಸ್ಯಾಮುಯೆಲ್. "ಮಹಡಿ ಮೇಲೆ ಯಾರೋ ಫೋನ್ ಹಿಡಿದದ್ದು ಕಂಡಿತ್ತು. ಕೂಗೋ ಹಾಗಿರಲಿಲ್ಲ. ನೀರು ಬಿದ್ದರೆ ಕಟ್ಟೆಯ ಅಂಕಿ ಕಾಣುತ್ತೆ ಅಂತ ದಿನಾ ಪಂಪು ಒತ್ತಿ ನನಗೆ ಗೊತ್ತಿತ್ತು. ಹೊಡೆದರೆ ಹೊಡೀಲಿ, ಎಲ್ಲಾದರೂ ಒಬ್ಬರು ಓದಿಯಾರು ಅಂದುಕೊಂಡೆ."

ಕ್ಯಾಂಟೀನ್ ತುಂಬ ಜನ. ಗೌರಿ ಯಾರಿಗೂ ನಾಚಲಿಲ್ಲ, ಗಳಗಳ ಅತ್ತಳು. ಅಳುತ್ತಲೇ ಹೇಳಿದಳು:

"ಓದಿದೆ, ಮೇಷ್ಟ್ರೇ."