ಕಮಲಾಪುರಕ್ಕೆ ಮುಟ್ಟದ ದನಿ

ನಾನು ಕಲಬುರಗಿಯ ರೇಡಿಯೋ ಕೇಂದ್ರವೊಂದರಲ್ಲಿ ಸಂಜೆ ಪಾಳಿಯ ಉದ್ಘೋಷಕಿ. ಕಾಯಂ ನೌಕರಿಯಲ್ಲ. ತಿಂಗಳಲ್ಲಿ ಕೆಲವು ಸಂಜೆ ಕರೆ ಬರುತ್ತದೆ, ಹೋಗಿ ಮಾತಾಡಿ ಬರುತ್ತೇನೆ. ಸೇಡಂ ರಸ್ತೆಯ ಒಂದು ಬಡಾವಣೆಯಲ್ಲಿ ಮನೆ. ಗಂಡ ಬ್ಯಾಂಕಿನಲ್ಲಿದ್ದಾರೆ, ಮಗಳು ಕಾಲೇಜಿಗೆ ಹೋಗುತ್ತಾಳೆ. ಇಬ್ಬರೂ ರೇಡಿಯೋ ಕೇಳುವುದಿಲ್ಲ. ಅದಕ್ಕೆ ನನಗೆ ಬೇಸರವೂ ಇರಲಿಲ್ಲ. ನನ್ನ ದನಿ ಕೇಳುವವಳೊಬ್ಬಳು ಕಮಲಾಪುರದಲ್ಲಿದ್ದಳು.

ಆಕೆ ನನ್ನ ಸಣ್ಣವ್ವ, ತಾಯಿಯ ತಂಗಿ. ತಾಯಿ ಗಂಟಲಿನ ಬೇನೆಯಿಂದ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಮೊದಲು ದನಿ ಒಡೆಯಿತಂತೆ, ಆಮೇಲೆ ಗೊಗ್ಗರಾಯಿತಂತೆ, ಕೊನೆಗೆ ನೀರು ಬೇಕೆಂದು ಕೇಳಲೂ ಕೈಸನ್ನೆ ಮಾಡುತ್ತಿದ್ದಳಂತೆ. ನನಗೆ ಅದೇನೂ ನೆನಪಿಲ್ಲ. ಹಾಸಿಗೆಯ ಪಕ್ಕ ಕೂತು ನೋಡಿಕೊಂಡಿದ್ದ ಸಣ್ಣವ್ವನಿಗೆ ಎಲ್ಲ ನೆನಪಿತ್ತು. ಆಮೇಲೆ ಆಕೆ ನನ್ನನ್ನು ಕಮಲಾಪುರಕ್ಕೆ ಕರೆದೊಯ್ದು ತನ್ನ ಮಗನ ಜೊತೆಗೇ ಬೆಳೆಸಿದಳು. ಅವನಿಗೆ ನಾನು ಅಕ್ಕ, ನನಗೆ ಅವನು ತಮ್ಮ. ಯಾರಾದರೂ ಸ್ವಂತ ತಮ್ಮನೇನು ಎಂದು ಕೇಳಿದರೆ ಹೌದೆಂದೇ ಹೇಳುತ್ತೇನೆ.

ಸಣ್ಣವ್ವನಿಗೆ ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಕಣ್ಣು ಮಂಜಾಗುತ್ತಾ ಹೋದವು. ಸೇಡಂ ರಸ್ತೆಯ ಆಸ್ಪತ್ರೆಗಳಿಗೆ ನಾನೇ ಅಡ್ಡಾಡಿಸಿದೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲವೆಂದು ಅವರು ಹೇಳಿದ ಮೇಲೆ ಆಕೆ ಮಗ ಸೊಸೆಯ ಮನೆಯಲ್ಲಿ ನಡುಮನೆಯ ಕಂಬಕ್ಕೆ ಆತು ಕೂತು ರೇಡಿಯೋ ಕೇಳತೊಡಗಿದಳು. ಮೀಡಿಯಂ ವೇವ್ ಮಾತ್ರ ಹಿಡಿಯುವ ಸೆಟ್ಟು ಅದು. ನನ್ನ ಪಾಳಿ ಯಾವ ಸಂಜೆ ಇದೆ ಎಂದು ನಾನು ಮೊದಲೇ ಫೋನು ಮಾಡಿ ಹೇಳುತ್ತಿದ್ದೆ. ಪಾಳಿ ಮುಗಿದ ಮೇಲೆ ಆಕೆಯೇ ಫೋನು ಹಚ್ಚಿಸಿ, ಯಾವ ಹಾಡು ಚೆನ್ನಾಗಿತ್ತು, ಎಲ್ಲಿ ನಾನು ಅವಸರ ಮಾಡಿದೆ ಎಂದು ಹೇಳುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಸಂಜೆ ಹಾಡಿನ ಮಾತೇ ಬರಲಿಲ್ಲ. ಊಟ ಆಯಿತೇ ಎಂದು ಕೇಳಿ, "ನಿನ್ನ ಗಂಟಲಿಗೆ ಏನಾಗ್ಯಾದ ಯವ್ವಾ?" ಅಂದಳು.

ಏನೂ ಆಗಿಲ್ಲ ಅಂದೆ. ನೆಗಡಿ ಇರಬೇಕು ಎಂದು ಆಕೆಯೇ ಸಮಾಧಾನ ಹೇಳಿಕೊಂಡಳು. ಮುಂದಿನ ಪಾಳಿಯ ನಂತರವೂ ಅದೇ ಪ್ರಶ್ನೆ. ಅದರ ಮುಂದಿನದಕ್ಕೂ ಅದೇ. ತಮ್ಮ ಕೆಂಪು ಬಾಳೆ ಮಾರಲು ಕಲಬುರಗಿಗೆ ಬಂದಾಗಲೆಲ್ಲ ಅವನ ಕೈಯಲ್ಲಿ ಜ್ಯೇಷ್ಠಮಧು, ಒಣಶುಂಠಿ, ಹುರಿದ ಅಜವಾನ ಬಟ್ಟೆಯಲ್ಲಿ ಕಟ್ಟಿ ಕಳಿಸತೊಡಗಿದಳು. ನಾನು ನಗುತ್ತಲೇ ತೆಗೆದಿಟ್ಟುಕೊಳ್ಳುತ್ತಿದ್ದೆ. ಫೋನಿನಲ್ಲಿ ನನ್ನ ದನಿ ಸರಿಯಾಗಿಯೇ ಕೇಳುತ್ತದಲ್ಲ ಎಂದು ಕೇಳಿದರೆ, ನಾಲ್ಕು ಮಾತಿಗೆ ಯಾರಾದರೂ ಗಂಟಲು ಬಿಗಿಹಿಡಿದು ಮಾತಾಡಬಹುದು, ರೇಡಿಯೋದಲ್ಲಿ ಬಹಳ ಹೊತ್ತು ಮಾತಾಡಬೇಕಾಗುವುದರಿಂದ ಅಲ್ಲಿ ಬೇನೆ ಬಯಲಾಗುತ್ತದೆ ಅನ್ನುತ್ತಿದ್ದಳು. ಉಳಿದವರ ದನಿ ಹೇಗೆ ಬರುತ್ತದೆಂದು ಆಕೆ ಕಿವಿಗೊಟ್ಟವಳೇ ಅಲ್ಲ, ಆಕೆ ಕಾದು ಕೇಳುತ್ತಿದ್ದುದು ನನ್ನದನ್ನು ಮಾತ್ರ. ಕೊನೆಗೆ ಗಂಟಲಿನ ಡಾಕ್ಟರ ಹತ್ತಿರವೂ ಹೋಗಿ ಬಂದೆ. ಏನೂ ಇಲ್ಲವೆಂದರು. ಹಾಗೆಂದು ಹೇಳಿದರೆ ಸಣ್ಣವ್ವ, ಡಾಕ್ಟರು ನಿನ್ನನ್ನು ನೋಡಿದ್ದು ಒಂದು ಗಳಿಗೆ, ನಾನು ಕೇಳುತ್ತಿರುವುದು ಎಷ್ಟು ವರ್ಷದಿಂದ ಅಂದಳು.

ಆಮೇಲೆ ನನಗೂ ಸುಮ್ಮನಿರಲಾಗಲಿಲ್ಲ. ಮೊದಲೇ ಧ್ವನಿಮುದ್ರಣ ಮಾಡಿದ್ದ ನನ್ನ ಕಾರ್ಯಕ್ರಮವೊಂದು ಪ್ರಸಾರವಾಗುವ ದಿನ ಕಮಲಾಪುರದ ಬಸ್ಸು ಹತ್ತಿದೆ. ಸಂಜೆ ಸಣ್ಣವ್ವನ ಪಕ್ಕ ಕೂತೆ. ತಮ್ಮನ ಹೆಂಡತಿ ಚಹಾ ಕೊಟ್ಟು ರೇಡಿಯೋ ಹಚ್ಚಿದಳು.

ಕೇಂದ್ರದಲ್ಲಿ ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಕಿವಿಗೆ ಹೆಡ್‌ಫೋನು ಹಾಕಿಕೊಂಡರೆ ನನ್ನ ಉಸಿರು ಕೂಡ ನನಗೆ ಕೇಳುತ್ತದೆ. ಮಾತಿನ ನಡುವೆ ಒಂದು ಸಣ್ಣ ಕೆಮ್ಮು ಬಂದರೆ ಅದನ್ನಷ್ಟೇ ಕತ್ತರಿಸಿ ತೆಗೆಯುತ್ತಾರೆ. ಆ ಕಾರ್ಯಕ್ರಮವನ್ನೂ ಹಾಗೇ ತೊಳೆದಿಟ್ಟಂತೆ ಮಾಡಿ ಒಪ್ಪಿಸಿ ಬಂದಿದ್ದೆ. ಇಲ್ಲಿ ಕೇಳಿದ್ದೇ ಬೇರೆ. ಮೊದಲು ಬಂದದ್ದು ಬರೀ ಗುಂಯ್‌ ಎನ್ನುವ ಸದ್ದು, ಅದರ ಮೇಲೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಚಟಪಟ. ಅದರ ಅಡಿಯಲ್ಲೆಲ್ಲೋ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಸಕಾರ ಶಕಾರಗಳೆಲ್ಲ ಸವೆದುಹೋಗಿದ್ದವು. ದನಿ ಒಮ್ಮೆ ಒಡೆಯುತ್ತಿತ್ತು, ಒಮ್ಮೆ ಮುಳುಗುತ್ತಿತ್ತು. ಅದು ನಾನೇ ಎಂದು ನನಗೆ ಗೊತ್ತಾದದ್ದು ಮಾತುಗಳು ನನಗೆ ಬಾಯಿಪಾಠವಿದ್ದುದರಿಂದ.

ಸಣ್ಣವ್ವ ನನ್ನ ಕೈ ಹಿಡಿದುಕೊಂಡಳು. "ಕೇಳಿದೇನು? ನಿಮ್ಮವ್ವಂದೂ ಹಿಂಗೇ ಆಗಿತ್ತು."

ಆಕೆ ಇಷ್ಟು ದಿನ ಯಾವುದಕ್ಕೆ ಹೆದರಿದ್ದಳೆಂದು ನನಗೆ ತಿಳಿದದ್ದು ಆಗಲೇ.

ಅಲ್ಲಿಂದಲೇ ಕೇಂದ್ರದ ಎಂಜಿನಿಯರರಿಗೆ ಫೋನು ಮಾಡಿದೆ. ಪ್ರಸಾರ ಸರಿಯಾಗಿಯೇ ಹೋಗುತ್ತಿದೆ, ತೊಂದರೆ ಇರುವುದು ಮನೆಗಳಲ್ಲಿ ಎಂದರು ಅವರು. ಈಚೆಗೆ ಮನೆಮನೆಗೂ ಬಂದಿರುವ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಟಿವಿಯ ಪೆಟ್ಟಿಗೆ ಎಲ್ಲವೂ ಸಣ್ಣಗೆ ಸದ್ದು ಬಿಡುತ್ತಿರುತ್ತವೆ. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ಮೀಡಿಯಂ ವೇವ್ ಸೆಟ್ಟು ದನಿಯ ಜೊತೆಗೇ ಎಳೆದುಕೊಳ್ಳುತ್ತದೆ. ಮನೆಯ ಕರೆಂಟು ಪೂರ್ತಿ ತೆಗೆದು ನೋಡಿರಿ ಅಂದರು.

ತಮ್ಮ ಮೇನ್ ಸ್ವಿಚ್ ಇಳಿಸಿದ. ಇನ್ವರ್ಟರಿನ ತಂತಿಯನ್ನೂ ಕಿತ್ತ. ಫ್ಯಾನು ನಿಂತಿತು, ಅಡುಗೆಮನೆ ಕತ್ತಲಾಯಿತು. ಗುಂಯ್‌ ಎನ್ನುವ ಸದ್ದು ಅರ್ಧಕ್ಕರ್ಧ ಇಳಿದು ನನ್ನ ದನಿ ಮೇಲೆ ಬಂತು. ಹಳೆಯ ದಿನಗಳಷ್ಟು ಚೊಕ್ಕಟವಲ್ಲ, ಆದರೂ ನನ್ನದೇ. ಸಣ್ಣವ್ವ ರೇಡಿಯೋದತ್ತ ಬಾಗಿ ಕೊನೆಯ ಮಾತಿನವರೆಗೂ ಕೇಳಿದಳು. ಆಮೇಲೆ ಮುಂದಿನ ಕಾರ್ಯಕ್ರಮ ಬಂದಾಗ ಬಲ್ಬು ಹಚ್ಚಿಸಿ ಗದ್ದಲ ಕೇಳಿಸಿದೆ, ಆರಿಸಿ ದನಿ ಕೇಳಿಸಿದೆ. ಇದು ಬಲ್ಬಿನ ಸದ್ದು, ನನ್ನ ಗಂಟಲಿನದಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಆಕೆ ಹೂಂ ಅಂದಳು. ಪೂರ್ತಿ ನಂಬಿದಳೋ ಇಲ್ಲವೋ ಮುಖ ನೋಡಿ ಹೇಳಲಾಗಲಿಲ್ಲ.

ಆದರೆ ಯಾವ ಮನೆ ಹಾಗೆ ನಡೆದೀತು? ನಮ್ಮ ಕಡೆಯ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದು ಕಷ್ಟ. ಮಕ್ಕಳು ಓದಬೇಕು, ರೊಟ್ಟಿ ಬಡಿಯಲು ಬೆಳಕು ಬೇಕು. ತಮ್ಮನ ಹೆಂಡತಿ ಒಳ್ಳೆಯವಳು. ನನ್ನ ಪಾಳಿಯ ಸಂಜೆಗಳಲ್ಲಿ ನಡುಮನೆಯ ಬಲ್ಬು ಆರಿಸಿ, ಚಾರ್ಜರುಗಳನ್ನೆಲ್ಲ ಕಿತ್ತಿಡುತ್ತಿದ್ದಳು. ಆದರೂ ಗೋಡೆಯಾಚೆ ನೆರೆಯವರ ಮನೆಯಿತ್ತು, ಬಾಗಿಲೆದುರು ಬೀದಿದೀಪವಿತ್ತು. ಅವನ್ನು ಆರಿಸಿರೆಂದು ಯಾರನ್ನು ಕೇಳುವುದು?

ತಮ್ಮನೇ ಒಂದು ದಾರಿ ಹುಡುಕಿದ. ಅವರ ಬಾಳೆತೋಟ ಊರಿಂದ ಹೊರಗಿದೆ, ಸುತ್ತಮುತ್ತ ಮನೆಗಳಿಲ್ಲ. ನನ್ನ ಪಾಳಿಯ ಸಂಜೆ ಸಣ್ಣವ್ವನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತೋಟಕ್ಕೆ ಹೋಗತೊಡಗಿದ. ಅಲ್ಲಿ ಸೆಟ್ಟನ್ನು ಸ್ವಲ್ಪ ಅತ್ತಿತ್ತ ತಿರುಗಿಸಿದರೆ ದನಿ ತಿಳಿಯಾಗಿ ಬರುತ್ತಿತ್ತು. ಆ ಚಳಿಗಾಲ ಪೂರ್ತಿ ಆಕೆ ನನ್ನ ಗಂಟಲಿನ ಮಾತೆತ್ತಲಿಲ್ಲ. ಫೋನಿನಲ್ಲಿ ಮತ್ತೆ ಹಾಡುಗಳ ಮಾತು, ನನ್ನ ತಪ್ಪುಗಳ ಮಾತು. ನಾನು ಮೈಕಿನ ಮುಂದೆ ಕೂತಾಗ ಬಾಳೆಗಿಡದ ಬುಡದಲ್ಲಿ ಶಾಲು ಹೊದ್ದು ಕೂತ ಆಕೆಯೇ ಕಣ್ಣ ಮುಂದೆ ಬರುತ್ತಿದ್ದಳು.

ಚಳಿಗಾಲ ಕಳೆಯಿತು. ಆ ಬದಿಯ ತೋಟಗಳಿಗೆ ಕಾಡುಹಂದಿಗಳು ನುಗ್ಗತೊಡಗಿದವು. ಎಲ್ಲರೂ ಸೋಲಾರ್ ಬೇಲಿ ಹಾಕಿಸಿದರು, ತಮ್ಮನೂ ಹಾಕಿಸಿದ. ಹಂದಿ ಮುಟ್ಟಿದರೆ ಜುಮ್ಮೆನ್ನುವಂತೆ ಆ ತಂತಿಗೆ ತಡೆತಡೆದು ಕರೆಂಟು ಹೊಡೆಯುತ್ತಿರುತ್ತದೆ. ಹೊಡೆದಾಗಲೆಲ್ಲ ರೇಡಿಯೋದಲ್ಲಿ ಟಕ್ ಎನ್ನುವ ಸದ್ದು. ನನ್ನ ಒಂದೊಂದು ಮಾತಿನ ತಲೆಯ ಮೇಲೂ ಟಕ್, ಟಕ್. ಸಣ್ಣವ್ವನಿಗಾಗಿ ಒಂದು ಸಂಜೆ ತಮ್ಮ ತನ್ನ ಬೇಲಿಯನ್ನು ಬಂದ್ ಮಾಡಿ ಕೂತ, ಮರಳಿ ಹಚ್ಚಲು ಮರೆತು ಬಂದ. ಬೆಳಿಗ್ಗೆ ಹೋಗಿ ನೋಡಿದರೆ ಹೊಸದಾಗಿ ನೆಟ್ಟ ಬಾಳೆಗಡ್ಡೆಗಳನ್ನೆಲ್ಲ ಹಂದಿಗಳು ಕೆದರಿ ಹಾಕಿದ್ದವು. ಯಾರೂ ಆಕೆಗೆ ಏನೂ ಅನ್ನಲಿಲ್ಲ. ಆಕೆಯೇ ಇನ್ನು ತೋಟಕ್ಕೆ ಬರುವುದಿಲ್ಲವೆಂದಳು. ಎಷ್ಟು ಕರೆದರೂ ಮೋಟಾರ್‌ಸೈಕಲ್ ಹತ್ತಲಿಲ್ಲ. ಮನೆಯ ಗದ್ದಲದ ನಡುವೆ ಕೂತು ಮತ್ತೆ ನನ್ನ ಗಂಟಲಿನ ಮಾತು ತೆಗೆದಳು.

ಮೀಡಿಯಂ ವೇವ್‌ನಲ್ಲಿಯೇ ಡಿಜಿಟಲ್ ಪ್ರಸಾರ ಮಾಡಬಹುದು, ಅದನ್ನು ಹಿಡಿಯುವ ಸೆಟ್ಟಿದ್ದರೆ ಸ್ಟುಡಿಯೋದಲ್ಲಿ ಕೇಳಿದಂತೆಯೇ ಕೇಳುತ್ತದೆ ಎಂದು ಎಂಜಿನಿಯರರು ಹಿಂದೊಮ್ಮೆ ಹೇಳಿದ್ದರು. ನಮ್ಮ ಕೇಂದ್ರದಲ್ಲಿ ಅದಿಲ್ಲ, ದೊಡ್ಡ ಊರಿನ ಅಂಥ ಪ್ರಸಾರವಾದರೂ ಸಿಕ್ಕರೆ ಗದ್ದಲವಿಲ್ಲದ ದನಿ ಹೇಗಿರುತ್ತದೆಂದು ಆಕೆಗೆ ತೋರಿಸಬಹುದೇನೋ ಎಂಬ ಆಸೆಯಿಂದ ಸ್ಟೇಶನ್ ಬಜಾರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬ ಅಂಗಡಿಯವರು ಬಹಳ ಉಮೇದಿನಿಂದ ಒಂದು ಸೆಟ್ಟು ತೆಗೆದು ಮುಂದಿಟ್ಟರು. ಅದರ ಮುಖದ ಮೇಲೆ ಕೆಂಪು ಅಂಕಿಗಳು ಮಿನುಗುತ್ತಿದ್ದವು. ಡಿಜಿಟಲ್ ಅಂದರೆ ಅವರ ಲೆಕ್ಕದಲ್ಲಿ ಅಷ್ಟೇ. ನಾನು ಕೇಳುತ್ತಿರುವುದು ಬೇರೆ ಎಂದು ಬಿಡಿಸಿ ಹೇಳಿದಾಗ ಅವರು ಸೆಟ್ಟನ್ನು ನಿಧಾನವಾಗಿ ಡಬ್ಬಿಯೊಳಗೆ ಇಟ್ಟರು. "ಅಂಥಾದ್ದು ನಮ್ಮ ಕಡಿ ಬಂದೇ ಇಲ್ರಿ ಮೇಡಂ. ರೇಡಿಯೋ ಕೇಳವ್ರೇ ಖತಂ ಆಗ್ಯಾರ, ಯಾರಿಗಂತ ತರ್ಸೋದ್ರಿ?" ಅಂದರು. ಉಳಿದ ಅಂಗಡಿಗಳಲ್ಲಿ ಇಷ್ಟು ಮಾತೂ ಆಗಲಿಲ್ಲ.

ಇನ್ನು ಉಳಿದದ್ದು ಮೊಬೈಲು. ನಮ್ಮ ಪ್ರಸಾರ ಮೊಬೈಲಿನಲ್ಲೂ ಬರುತ್ತದೆ, ಅಲ್ಲಿ ಗದ್ದಲವಿಲ್ಲ. ಮಗಳ ಹಳೆಯ ಫೋನು ಸಣ್ಣವ್ವನಿಗೆ ಕೊಟ್ಟು, ಹಚ್ಚಿಕೊಡುವುದನ್ನು ತಮ್ಮನ ಹೆಂಡತಿಗೆ ಕಲಿಸಿದೆ. ಮೊದಲ ಸಂಜೆ ನಾನು ಪಾಳಿಯಲ್ಲಿದ್ದೆ. ಮುಗಿದ ಮೇಲೆ ನಾನೇ ಆಸೆಯಿಂದ ಫೋನು ಮಾಡಿದೆ. ಚೆನ್ನಾಗಿ ಕೇಳಿತೇ ಅಂದೆ.

"ಚೊಲೋ ಕೇಳ್ತು," ಅಂದಳು ಸಣ್ಣವ್ವ. "ಖರೆ ಅದು ಹಳೇದು. ನೀ ಆರಾಮ ಇದ್ದಾಗಿಂದು ಹಾಕ್ಯಾರ."

ಇಲ್ಲ, ಈಗಷ್ಟೇ ಮಾತಾಡಿದ್ದು ಅಂದೆ. ಆಕೆ ಒಪ್ಪಲಿಲ್ಲ. ಏನಾಗಿತ್ತೆಂದು ತಮ್ಮನ ಹೆಂಡತಿ ಆಮೇಲೆ ಹೇಳಿದಳು. ಫೋನು ಹಚ್ಚಿದ್ದಾಗ ರೇಡಿಯೋವನ್ನೂ ಹಾಗೇ ಬಿಟ್ಟಿದ್ದರಂತೆ. ಮೊಬೈಲಿಗೆ ದನಿ ಬಂದು ಮುಟ್ಟುವುದು ಸ್ವಲ್ಪ ತಡವಾಗಿ. ಹಾಗಾಗಿ ರೇಡಿಯೋದಲ್ಲಿ ಆ ಒಡಕು ದನಿ ಸಮಯ ಹೇಳಿ, ಹಾಡಿನ ಹೆಸರು ಹೇಳಿ ಮುಗಿಸಿದ ಮೇಲೆ, ಫೋನಿನೊಳಗಿಂದ ಚೊಕ್ಕ ದನಿ ಅದನ್ನೇ ತಿರುಗಿ ಹೇಳಿತಂತೆ. ಮೊದಲು ಬಂದದ್ದು ಈಗಿನದು, ಹಿಂದಿನಿಂದ ಬಂದದ್ದು ಹಳೆಯದು. ಸಣ್ಣವ್ವ ಹಾಗೆ ತೀರ್ಮಾನ ಮಾಡಿಬಿಟ್ಟಿದ್ದಳು. ನಾನು ವಾರಗಟ್ಟಲೆ ತಿಳಿಸಿ ಹೇಳಿದೆ. ತಮ್ಮ ಹೇಳಿದ. ಮೊಮ್ಮಕ್ಕಳು ಹೇಳಿದರು. ಎಲ್ಲರೂ ಸೇರಿ ನನ್ನ ಬೇನೆಯನ್ನು ತನ್ನಿಂದ ಮುಚ್ಚಿಡುತ್ತಿದ್ದೇವೆ ಎಂಬ ಅನುಮಾನ ಆಕೆಯಲ್ಲಿ ಗಟ್ಟಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ನೆಟ್‌ವರ್ಕ್ ಇಲ್ಲದೆ ಫೋನು ನಡುನಡುವೆ ನಿಂತಾಗ, ನೋಡಿರಿ, ಟೇಪು ಸಿಕ್ಕಿಕೊಂಡಿತು ಅನ್ನುತ್ತಿದ್ದಳಂತೆ.

ಅದಾದ ಮೇಲೆ ಆಕೆ ಫೋನು ಮುಟ್ಟಲಿಲ್ಲ. ರೇಡಿಯೋವನ್ನು ಮಾತ್ರ ಬಿಡಲಿಲ್ಲ. ಕಿವಿಯೂ ಮಂದವಾಗುತ್ತಾ ಬಂದಿತ್ತು, ಅಷ್ಟು ಸದ್ದಿನೊಳಗಿಂದ ಮಾತು ಹೆಕ್ಕುವ ಶಕ್ತಿ ಉಳಿದಿರಲಿಲ್ಲ. ಏನು ಹೇಳಿದೆನೆಂದು ತಿಳಿಯದಿದ್ದರೂ, ದನಿ ಇನ್ನೂ ಇದೆಯೋ ಇಲ್ಲವೋ ಎಂದಷ್ಟೇ ಕೇಳಲು ಕೂರುತ್ತಿದ್ದಳು. ಈ ಕೆಲಸ ಬಿಟ್ಟರೆ ಆಕೆಗೆ ನೆಮ್ಮದಿಯಾದೀತೇ ಎಂದು ಒಮ್ಮೆ ಯೋಚಿಸಿದೆ. ಬಿಟ್ಟರೆ ದನಿ ಹೋಗಿಯೇಬಿಟ್ಟಿತೆಂದು ತಿಳಿಯುತ್ತಾಳೆ ಎಂದು ಗಂಡ ಹೇಳಿದರು. ಅವರು ಹೇಳಿದ್ದು ಸರಿಯಿತ್ತು. ಪಾಳಿಗೆ ಹೋಗುತ್ತಲೇ ಇದ್ದೆ. ಮೈಕಿನ ಮುಂದೆ ಒಂದೊಂದು ಅಕ್ಷರವನ್ನೂ ಬಿಡಿಸಿ, ಗಟ್ಟಿಯಾಗಿ ಹೇಳತೊಡಗಿದೆ. ನೀವು ಯಾಕೋ ಶಾಲೆಯ ಮಕ್ಕಳಿಗೆ ಪಾಠ ಹೇಳಿದಂತೆ ಮಾತಾಡುತ್ತೀರಿ ಎಂದು ಕೇಂದ್ರದಲ್ಲಿ ಆಕ್ಷೇಪಿಸಿದರು.

ಕಳೆದ ಬೇಸಿಗೆಯಲ್ಲಿ ಸಣ್ಣವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನಾನು ಹೋಗಿ ಪಕ್ಕದಲ್ಲಿ ಕೂತಾಗ ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಬಾಗಿದೆ. ಆಕೆಯ ಬೆರಳುಗಳು ನನ್ನ ಕತ್ತಿನ ಮೇಲೆ, ಗದ್ದದ ಕೆಳಗೆ, ಕಿವಿಯ ಹಿಂದೆ ನಿಧಾನವಾಗಿ ಓಡಾಡಿದವು. ನನ್ನ ತಾಯಿಗೆ ಮೊದಲು ಗಂಟು ಕಂಡದ್ದು ಕಿವಿಯ ಹಿಂದೆಯಂತೆ. ನಾನು ಅಲುಗಾಡಲಿಲ್ಲ. ಈಗಲಾದರೂ ನಂಬುತ್ತಾಳೆ ಅಂದುಕೊಂಡೆ.

"ಇಲ್ಲಿ ಕೈಗೇನೂ ಹತ್ತವಲ್ದು ನೋಡು ಸಣ್ಣವ್ವಾ," ಅಂದೆ.

"ಒಳಗ ಇರ್ತದ ಮಗಳ," ಅಂದಳು. "ನಾ ಹೋದ ಮ್ಯಾಲ ನಿನ್ನ ಯಾರು ನೋಡ್ಕೋಬೇಕು?"

ಅದಾಗಿ ಹೆಚ್ಚು ದಿನ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಓಣಿಯ ಹೆಂಗಸರು ನನ್ನ ಸುತ್ತ ಕೂತರು. ನನಗೆ ಗೊತ್ತಿಲ್ಲದವರೂ ಇದ್ದರು. ಅವರಲ್ಲೊಬ್ಬಳು ನನ್ನ ಬೆನ್ನು ಸವರುತ್ತಾ, ಕಲಬುರಗಿಯಲ್ಲಿ ಆಗದಿದ್ದರೆ ಹೈದರಾಬಾದಿಗೆ ಹೋಗಿ ತೋರಿಸಬೇಕು, ತಡ ಮಾಡಬಾರದು ಅಂದಳು. ಇನ್ನೊಬ್ಬಳಿಗೆ ಗಂಟಲು ಬೇನೆಗೆ ಔಷಧ ಕೊಡುವವರು ಯಾರೋ ಗೊತ್ತಿದ್ದರು. ಸಣ್ಣವ್ವ ಮನೆಗೆ ಬಂದವರಿಗೆಲ್ಲ ಹೇಳಿಟ್ಟು ಹೋಗಿದ್ದಳು. ನನಗೇನೂ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬೆಳಗಿನಿಂದ ಅತ್ತೂ ಅತ್ತೂ ದನಿ ಕಟ್ಟಿತ್ತು, ಮಾತು ಹೊರಡಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾಳಿಗೆ ಈಗಲೂ ಹೋಗುತ್ತೇನೆ. ಮುಗಿಸಿ ಆಟೋ ಹತ್ತಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅಂಗಡಿಗಳ ಬೆಳ್ಳನೆಯ ದೀಪಗಳು. ಆ ಸಂಜೆ ನಾನಾಡಿದ್ದನ್ನು ಯಾರಾದರೂ ಕೇಳಿದರೇ, ಕೇಳಿದವರಿಗೆ ಏನು ಕೇಳಿಸಿತು ಎಂದು ತಿಳಿಯುವ ದಾರಿ ನನಗಿಲ್ಲ.