ವಾಟ್ನಿಗೆ ಸಿಗದ ಬರಣಿ

ಆ ಕಾಲಕ್ಕೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಕರೆಂಟು ಹೋಗಿ ಟಿವಿ ನಿಂತರೂ ಯಾರಿಗೂ ಬೇಸರವಾಗುತ್ತಿರಲಿಲ್ಲ. ಯಾವುದಾದರೂ ಒಂದು ಮನೆಯಲ್ಲಿ ಜಗಳ ಹತ್ತಿ ತಾಟು ಹಾರುತ್ತಿತ್ತು, ಉಳಿದವರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹೆಚ್ಚಾಗಿ ಆ ಮನೆ ನಮ್ಮದೇ ಆಗಿರುತ್ತಿತ್ತು.

ಎರಡು ಖೋಲಿ, ನಡುವೆ ಒಂದು ಪಡಸಾಲೆ, ಅದರಲ್ಲಿ ಏಳು ಜನ. ಒಂದು ಖೋಲಿಯಲ್ಲಿ ಅಪ್ಪ, ಅವ್ವ. ಇನ್ನೊಂದರಲ್ಲಿ ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಮತ್ತು ಕಾಕಿ. ಪಡಸಾಲೆಯಲ್ಲಿ ಅಪ್ಪನ ತಾಯಿ ಆಯಿ, ನಾನು, ಕಾಕಾನ ಮಗಳು ಸುಮಿ. ಕೂಲರಿನ ಒದ್ದೆ ಹುಲ್ಲಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಕೌದಿ ಹಾಸಿಕೊಂಡು ನಾನೂ ಸುಮಿಯೂ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಅವಳು ನನಗಿಂತ ಮೂರೇ ತಿಂಗಳು ಚಿಕ್ಕವಳು.

ನನಗೆ ಹತ್ತು ವರ್ಷವಾದ ಆ ಬೇಸಿಗೆಯಲ್ಲಿ ಕಾಕಾ ವಾಟ್ನಿ ಬೇಕೆಂದು ಹಟ ಹಿಡಿದ. ಮನೆ ಪಾಲಾಗುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹುಮನಾಬಾದಿನ ಒಂದು ಅಂಗಡಿಯಲ್ಲಿ ಅವನಿಗೆ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿತ್ತು. ಅಲ್ಲೇ ಮನೆ ಮಾಡುತ್ತೇನೆ ಅಂತಿದ್ದ. ಅಪ್ಪ ಒಲ್ಲೆ ಅಂತಿದ್ದ. ಇಬ್ಬರೂ ವಾರಕ್ಕೆರಡು ಸಲ ಒಬ್ಬರ ಅಂಗಿ ಒಬ್ಬರು ಹರಿಯುತ್ತಿದ್ದರು. ನನಗೆ ಅಂಗಿಯ ಚಿಂತೆ ಇರಲಿಲ್ಲ. ಸುಮಿ ಹೋಗಿಬಿಡುತ್ತಾಳಲ್ಲ, ಅದೊಂದೇ ಭಯ.

ಉಪಾಯ ಹುಡುಕಿದವಳು ಸುಮಿಯೇ. ಒಂದು ಮಧ್ಯಾಹ್ನ ಹುಣಸೆಹಣ್ಣಿನ ಚಿಗಳಿ ಚೀಪುತ್ತಾ, ಬೆರಳು ಮಡಚುತ್ತಾ ಹೇಳಿದಳು:

"ಮಂಚ ಎರಡವ, ಹಂಡೆ ಎರಡವ. ಅದಕ್ಕs ವಾಟ್ನಿ ಮಾಡಾಕ ಬರ್ತದ. ಇಬ್ರಿಗೂ ಸೇರಿದ್ದು ಒಂದs ವಸ್ತು ಇದ್ರ? ಒಡದು ಕೊಡಾಕ ಬರಲಾರದ್ದು?"

"ಅಂಥಾದ್ದು ಏನದ?"

"ಮೀನಿನ ಬರಣಿ. ಹುಮನಾಬಾದ್ ಬಸ್‌ಸ್ಟ್ಯಾಂಡ್ ಹತ್ರ ನೋಡಿದ್ವಲ್ಲ! ನೀರು ಹ್ಯಾಂಗ ಪಾಲ ಮಾಡ್ತಾರ?"

ಎಂಥಾ ತಲೆ ನೋಡಿ! ನಾನು ಅವಳನ್ನು ಅಪ್ಪಿಕೊಂಡು ಕುಣಿದೆ.

ಆದರೆ ಅಂಗೈಯಷ್ಟಗಲದ ಬರಣಿಯನ್ನು ಮನೆಗೆ ತರಬೇಕೋ ಬೇಡವೋ ಎಂಬ ಮಾತು ಊಟದ ಹೊತ್ತಿಗೆ ಎದ್ದಾಗ ಪಂಚಾಯ್ತಿಯೇ ನಡೆಯಿತು. ಅವ್ವ ರೊಟ್ಟಿ ಬಡಿಯುತ್ತಲೇ ಅಂದಳು, "ನಳ ನಾಕ ದಿನಕ್ಕೊಮ್ಮೆ ಬರ್ತದ. ಅದರ ನೀರು ಬದಲಿ ಮಾಡವರು ಯಾರು?" ಅಪ್ಪ ಪುಂಡಿ ಪಲ್ಯ ಕಲಸುತ್ತಾ, "ತಂಬಿಗಿಯಷ್ಟು ನೀರಾಗ ಜೀವ ಇಡೂದಂದ್ರ ಜೇಲು ಅದು. ನಾಕ ದಿನಕ್ಕ ಸಾಯ್ತದ, ಆಮ್ಯಾಲೆ ಈ ಹುಡಿಗ್ಯಾರು ಅಳ್ತಾವ. ಬ್ಯಾಡ" ಎಂದ. ಈಗ ಯೋಚಿಸಿದರೆ ಅವನ ಮಾತು ಸರಿಯಾಗಿಯೇ ಇತ್ತು. ಆದರೆ ಕಾಕಾ ಸುಮ್ಮನಿರಬೇಕಲ್ಲ.

"ಏಳು ಮಂದಿ ಎರಡ ಖೋಲ್ಯಾಗ ಜೇಲಿನ್ಯಾಂಗs ಅದೀವಿ. ನಾವೇನ್ ಸತ್ತೀವೇನು?"

"ಯಾರಿಗೆ ಅಂತಿ ಲೇ?"

"ನಿನಗs ಅಂತೀನಿ!"

ತಾಟು ಹಾರಿತು. ಪಲ್ಯ ಗೋಡೆಗೆ ಬಡಿದು ಕೆಳಗಿಳಿಯಿತು. ಕಾಕಾ ಚರಿಗೆ ಎತ್ತಿ ಒಗೆದ, ಅದು ಅಪ್ಪನ ಕಿವಿ ಸವರಿಕೊಂಡು ಬಾಗಿಲಿಗೆ ಬಿತ್ತು. ಆಯಿ ಎದ್ದು ನಡುವೆ ನಿಂತಳು.

"ಸಾಕ ಮಾಡ್ರಿ, ಹಲ್ಕಟ್‌ಗಳ್ರ್ಯಾ! ಹುಡಿಗ್ಯಾರು ಕೇಳ್ಯಾವ, ತರ್ರಿ. ಆದ್ರ ಜೋಡಿ ತರಬೇಕು. ನನ್ನ ಮನ್ಯಾಗ ಒಂಟಿ ಜೀವ ಬರಬಾರದು."

ಆಯಿಯ ಜೋಡಿಯ ಶಾಸ್ತ್ರ ಕಟ್ಟುನಿಟ್ಟಿನದು. ಯಾರ ತಾಟಿಗೂ ಒಂದೇ ರೊಟ್ಟಿ ಹಾಕುತ್ತಿರಲಿಲ್ಲ, ಮುರಿದಾದರೂ ಎರಡು ಮಾಡುತ್ತಿದ್ದಳು. ಯಾರಿಗಾದರೂ ಮಾವಿನಹಣ್ಣು ಕೊಟ್ಟರೆ ಎರಡೇ.

ಐತವಾರ ಕಾಕಾ ನಮ್ಮಿಬ್ಬರನ್ನು ಹುಮನಾಬಾದಿಗೆ ಕರೆದೊಯ್ದ. ಅಂಗಡಿಯಲ್ಲಿ ಚಿಕ್ಕ ಚಿಕ್ಕ ಬರಣಿಗಳ ಸಾಲು, ಒಂದೊಂದರಲ್ಲಿ ಒಂದೊಂದೇ ಮೀನು, ಬರಣಿಗಳ ನಡುವೆ ಪೇಪರಿನ ತುಂಡು. ರೇಷ್ಮೆಯ ಸೆರಗಿನಂಥ ರೆಕ್ಕೆ ಅವಕ್ಕೆ. ನಾನು ಕೆಂಪಿನದನ್ನು ಆರಿಸಿದೆ, ಸುಮಿ ನೀಲಿಯದನ್ನು. ಬರಣಿ ಒಂದೇ ಸಾಕು ಎಂದಾಗ ಅಂಗಡಿಯವ ಗಾಬರಿಯಾದ.

"ಒಂದಕ್ಕ ಒಂದs ಇಡಬೇಕ್ರಿ. ಇವು ಫೈಟರ್ ಅವ."

ಕಾಕಾ ನಮ್ಮ ಕಿವಿಯಲ್ಲಿ, "ಇನ್ನೊಂದ ಬರಣಿ ಮಾರಾಕ ಹಿಕ್ಮತ್ ಮಾಡಾಕತ್ತಾನ" ಎಂದು ನಕ್ಕ. ಫೈಟರ್ ಅನ್ನುವುದು ಕಂಪನಿಯ ಹೆಸರಿರಬೇಕು ಅಂದುಕೊಂಡೆವು ನಾವು. ಬುದ್ಧಿವಂತರು!

ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಬರಣಿ ಇಟ್ಟು, ಆಯಿ ಅದಕ್ಕೆ ಕುಂಕುಮ ಹಚ್ಚಿದಳು. ಎರಡೂ ಚೀಲದ ನೀರು ಮೀನು ಸಮೇತ ಒಳಗೆ ಸುರಿದೆವು. ಎರಡೂ ಒಂದನ್ನೊಂದು ನೋಡಿ ರೆಕ್ಕೆ ಬಿಚ್ಚಿದವು. "ನೋಡ್ರಿ, ಹ್ಯಾಂಗ ಕುಣ್ಯಾಕತ್ತಾವ!" ಎಂದು ಆಯಿ ಕೈ ಮುಗಿದಳು.

ಮರುಗಳಿಗೆಯೇ ಕೆಂಪಿನದು ನೀಲಿಯದರ ಬಾಲ ಕಚ್ಚಿ ಹರಿಯಿತು. ನೀಲಿ ತಿರುಗಿ ಕೆಂಪಿನ ಗಲ್ಲಕ್ಕೆ ಬಾಯಿ ಹಾಕಿತು. ರೆಕ್ಕೆಯ ಚಿಂದಿಗಳು ನೀರಿನಲ್ಲಿ ತೇಲತೊಡಗಿದವು. ಸುಮಿ ಚೀರಿದಳು. ಕಾಕಿ ಕೈ ಹಾಕಿ ಬಿಡಿಸಲು ಹೋದರೆ ಕಾಕಾ ಅವಳ ಕೈ ಹಿಡಿದ: "ಬಿಡು, ನೋಡೋಣು!"

"ಹೊಡಿ! ಬಿಡಬ್ಯಾಡ!" ಎಂದು ಅಪ್ಪ ಕೆಂಪಿನ ಕಡೆಗಾದ. "ಏ ನೀಲ್ಯಾ, ಕಚ್ಚು!" ಎಂದು ಕಾಕಾ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಬಗ್ಗಿದ್ದರು, ಇಬ್ಬರೂ ನಗುತ್ತಿದ್ದರು. ಆ ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಕೂಡಿ ನಕ್ಕಿದ್ದು ಅದೊಂದೇ ಸಲ. ಅದನ್ನು ನೋಡಿ ನನಗೆ ಎಷ್ಟು ಹಿಗ್ಗಾಯಿತೆಂದರೆ, ಚಹಾ ಮುಗಿಯುವ ಹೊತ್ತಿಗೆ ಒಂದು ಕಣ್ಣು ಕಳೆದುಕೊಂಡ ನೀಲಿ ಮೀನು ಹೊಟ್ಟೆ ಮೇಲಾಗಿ ತೇಲಿದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ.

"ನಮ್ದು ಗೆದ್ದಿತು! ನಮ್ದು ಗೆದ್ದಿತು!"

ಸುಮಿ ಹಾರಿ ಬಂದು ನನ್ನ ತೋಳು ಕಚ್ಚಿದಳು. ಹಲ್ಲು ಒಳಗಿಳಿಯಿತು. ನಾನು ಕೈಗೆ ಸಿಕ್ಕ ಲಟ್ಟಣಿಗೆಯಿಂದ ಅವಳ ಬಾಯಿಗೇ ಹೊಡೆದೆ. ಅವಳ ಮುಂದಿನ ಹಲ್ಲು ಮುರಿದು, ಗದ್ದದ ಮೇಲೆಲ್ಲ ರಕ್ತ. ಕಾಕಾ ನನ್ನ ಕೆನ್ನೆಗೆ ಬಾರಿಸಿದ. ನಾನು ಗೋಡೆಗೆ ಹೋಗಿ ಬಿದ್ದೆ.

"ನನ್ನ ಮಗಳ ಮೈಮ್ಯಾಲೆ ಕೈ ಎತ್ತತೀ?" ಅಪ್ಪ ಅವನ ಕೊರಳು ಹಿಡಿದು ನೂಕಿದ. ಸ್ಟೂಲು ಉರುಳಿತು, ಬರಣಿ ಚೂರಾಯಿತು, ಆ ಚೂರುಗಳ ಮೇಲೆಯೇ ಕಾಕಾ ಬಿದ್ದ. ಅಂಗೈ ಸೀಳಿತು. ಆದರೂ ಎದ್ದು ಬಂದು ರಕ್ತದ ಕೈಯಿಂದಲೇ ಅಪ್ಪನ ಮುಖಕ್ಕೆ ಗುದ್ದಿದ. ಗೆದ್ದ ಕೆಂಪು ಮೀನು ಯಾರ ಕಾಲಡಿಗೋ ಸಿಕ್ಕು ನೆಲಕ್ಕೆ ಹತ್ತಿಹೋಯಿತು. ಓಣಿಯ ಗಂಡಸರು ಬಂದು ಎಳೆದಾಡಿ ಬಿಡಿಸಿದರು.

ಆಯಿ ಎರಡೂ ಮೀನನ್ನು ಗಾಜಿನ ನಡುವಿಂದ ಆರಿಸಿ ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. "ಒಂಟಿ ಇರಬಾರದಂತ ಅಂದ್ನೆವ್ವ ನಾ" ಅಂತಿದ್ದಳು, ಅಷ್ಟೇ. ಆ ಕಡೆ ಕಾಕಾನ ಅಂಗೈಗೆ ಡಾಕ್ಟರು ಹೊಲಿಗೆ ಹಾಕುತ್ತಿದ್ದರು.

ಮಿರಗದ ಮಳೆಗೆ ಮೊದಲೇ ವಾಟ್ನಿ ಆಯಿತು. ಟೆಂಪೋ ಬಂತು. ಒಂದು ಮಂಚ, ಒಂದು ಹಂಡೆ ಹೋದವು. ಆಯಿಯನ್ನೂ ಬಿಡಲಿಲ್ಲ: ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಹುಮನಾಬಾದಿನಲ್ಲಿ. ಬಾಯಿಗೆ ಸೆರಗಿನ ತುದಿ ಒತ್ತಿಕೊಂಡ ಕಾಕಿಯ ಪಕ್ಕ ಸುಮಿ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಹುಮನಾಬಾದು ಎಷ್ಟು ದೂರ, ಬಸ್ಸು ಹತ್ತಿದರೆ ಮುಗಿಯಿತು. ಆದರೂ ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಆ ಚಪ್ಪಾಳೆ ಇವತ್ತಿಗೂ ನನ್ನನ್ನು ತಿನ್ನುತ್ತದೆ. ಲಟ್ಟಣಿಗೆಯ ಏಟಿಗಿಂತ ಅದೇ ಹೆಚ್ಚು.

ಹೋದ ವರ್ಷ ಸುಮಿಯ ಮದುವೆಯಾಯಿತು. ಕಾರ್ಡು ಬಂದಾಗ ಅಪ್ಪ ಕನ್ನಡಕ ಹಾಕಿಕೊಂಡು, ಕರೆಯುವವರ ಹೆಸರುಗಳ ನಡುವೆ ತನ್ನದನ್ನು ಹುಡುಕಿದ. ಅದು ಲಕೋಟೆಯ ಮೇಲೆ ಮಾತ್ರ ಇತ್ತು. ಹೋಗಲಾರೆ ಅನ್ನುತ್ತಾನೆ ಅಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನಗಿಂತ ಮೊದಲೇ ಹೊರಟು ನಿಂತ. ಮಂಟಪದ ಬಾಗಿಲಲ್ಲಿ ಕಾಕಾ ಕೈ ಮುಗಿದ.

"ಬರ್ರಿ. ಊಟಾ ಮಾಡ್ಕೊಂಡೇ ಹೋಗ್ರಿ."

"ಆತ್ರಿ" ಎಂದ ಅಪ್ಪ.

ಬೈದಾಡುವಾಗ, ಬಡಿದಾಡುವಾಗ, ರಕ್ತ ಸುರಿಯುವಾಗಲೂ ಅವರಿಬ್ಬರು 'ರಿ' ಹಚ್ಚಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.