ವಿಶಾಲಕ್ಕನಿಗೆ ಸಿಗದ ಪಾತ್ರ

"ವಿಶಾಲಕ್ಕ ಹೋಗ್ಬಿಟ್ರು" ಅಂತ ಕಳೆದ ವಾರ ಯಲಹಂಕದ ನಮ್ಮ ಲೇಔಟಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ಅದರ ಕೆಳಗೇ ಒಬ್ಬರು ಕೇಳಿದ್ದರು: "ಯಾವ ಸೀರಿಯಲ್‌ನಲ್ಲಿ?"

ತಪ್ಪು ಅವರದ್ದಲ್ಲ ಬಿಡಿ. ನಮ್ಮ ಹಿಂದಿನ ಬೀದಿಯ ಈ ನಟಿ ತೆರೆಯ ಮೇಲೆ ಎಷ್ಟು ಸಲ ಸತ್ತಿದ್ದರೋ ಅವರಿಗೇ ನೆನಪಿರಲಿಲ್ಲ. ಕ್ಯಾನ್ಸರ್, ಬೆಂಕಿ, ವಿಲನ್ನಿನ ಗುಂಡು. ಹೀರೋ ರೊಚ್ಚಿಗೇಳಬೇಕಲ್ಲ, ಅದಕ್ಕೆ ಇಂಟರ್ವಲ್‌ಗೆ ಮುಂಚೆ ಅಮ್ಮ ಸಾಯಲೇಬೇಕು. (ಸೀರಿಯಲ್ ಆದರೆ ಸೊಸೆ ಹಾಕುವ ವಿಷ.)

ನಾಟಕದ ಕಂಪನಿಯಲ್ಲಿ ಇದೇ ವಿಶಾಲಕ್ಕ ಕತ್ತಿ ಹಿಡಿದು ರಾಜ್ಯ ಆಳಿದವರು. ಜನ ಒನ್ಸ್ ಮೋರ್ ಅಂತ ಕೂಗಿದರೆ ಇಡೀ ಹಾಡನ್ನು ಮೊದಲಿನಿಂದ ಹಾಡುತ್ತಿದ್ದರಂತೆ. ಕಂಪನಿ ಮುಚ್ಚಿತು, ಸಿನಿಮಾಕ್ಕೆ ಬಂದರು. ನಲವತ್ತು ದಾಟಿದ ಹೆಂಗಸಿಗೆ ಅಲ್ಲಿ ಸಿಕ್ಕಿದ್ದು ಒಂದು ಮಂಚ, ಒಂದು ಕೆಮ್ಮು.

ಹಾಲಿನ ಬೂತಿನ ಹತ್ತಿರ ಸಿಕ್ಕಾಗಲೆಲ್ಲ ಹೊಸದೇನು ಮಾಡುತ್ತಿದ್ದೀರಿ ಅಂತ ವಿಚಾರಿಸುತ್ತಿದ್ದೆ. "ಕೊನೇವರ್ಗೂ ಬದುಕಿರೋ ಅಮ್ಮನ ಪಾತ್ರ ಒಂದ್ ಸಿಕ್ರೆ ಸಾಕು ಕಣ್ರೀ" ಅನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆಸೆ ಮಾತ್ರ ತಮಾಷೆಯದ್ದಾಗಿರಲಿಲ್ಲ.

ಮೆಸೇಜ್ ನೋಡಿದವನೇ ಅವರ ಮನೆಗೆ ಹೋದೆ. ಮಗಳು ಒಂದು ಹನಿ ಕಣ್ಣೀರಿಲ್ಲದೆ ಬಂದವರಿಗೆಲ್ಲ ಕುರ್ಚಿ ತೋರಿಸುತ್ತಿದ್ದಳು. ಇಬ್ಬರು ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಿದ್ದರು (ನಮಗೆ ನಾಚಿಕೆ ಅನ್ನುವುದು ಇನ್ನೂ ಉಳಿದಿದೆಯೇ?). ಅಷ್ಟರಲ್ಲಿ ಗೊರಗುಂಟೆಪಾಳ್ಯದಿಂದ ವಿಶಾಲಕ್ಕನ ಹಳೇ ಮೇಕಪ್‌ಮ್ಯಾನ್ ಬಂದರು.

ಸಿನಿಮಾದವರಲ್ಲಿ ಒಂದು ಪದ್ಧತಿಯಿದೆ. ಸಾವಿನ ಸೀನ್ ಮುಗಿದ ಕೂಡಲೇ ಹೆಣವಾಗಿ ಮಲಗಿದ್ದವರು ಎದ್ದು ಕ್ಯಾಮೆರಾ ನೋಡಿ ನಗಬೇಕು. ಇಲ್ಲದಿದ್ದರೆ ಅಪಶಕುನ. ಅಷ್ಟೂ ವರ್ಷ ವಿಶಾಲಕ್ಕನನ್ನು ಎಬ್ಬಿಸಿ ನಗಿಸುತ್ತಿದ್ದವರು ಇವರೇ ಅಂತೆ.

ಐಸ್ ಬಾಕ್ಸಿನ ಗಾಜಿನ ಮೇಲೆ ಕೈಯಿಟ್ಟು ಅವರು ಮೆಲ್ಲಗೆ ಅಂದರು: "ಶಾಟ್ ಓಕೆ ಆಯ್ತಕ್ಕಾ. ಎದ್ದು ಒಂದ್ಸಲ ನಕ್ಬಿಡಿ."

ಮಗಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ನನಗೂ ತಡೆಯಲಾಗಲಿಲ್ಲ. ವಿಡಿಯೊ ಮಾಡುತ್ತಿದ್ದವರು ಮೊಬೈಲ್ ಜೇಬಿಗೆ ಹಾಕಿಕೊಂಡರು.

ಹೆಬ್ಬಾಳದ ಚಿತಾಗಾರದಿಂದ ವಾಪಸ್ ಬಂದು, ಸ್ನಾನ ಮಾಡಿ ಟಿವಿ ಹಾಕಿದೆ. ಹಿರಿಯ ನಟಿಗೆ ನಮನ ಅಂತ ಒಂದರ ಹಿಂದೆ ಒಂದು ಕ್ಲಿಪ್ ಬರುತ್ತಿತ್ತು. ಎಲ್ಲವೂ ಅವರು ಸಾಯುವ ಸೀನುಗಳೇ. ಅವರ ನಾಟಕಗಳನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿಟ್ಟಿರಲಿಲ್ಲ, ಒಪ್ಪೋಣ.

ಆದರೂ ಕೇಳುತ್ತೇನೆ ಟಿವಿಯವರೇ, ಅಷ್ಟು ಸಿನಿಮಾಗಳಲ್ಲಿ ಆ ಹೆಂಗಸು ಬದುಕಿದ್ದ ಒಂದೇ ಒಂದು ಸೀನೂ ನಿಮಗೆ ಸಿಗಲಿಲ್ಲವೇ?